ಪೋಲೋ ಕುದುರೆ, ಕ್ರಿಕೆಟ್ ಪಿಚ್: ಮೈದಾನ ಯಾರಪ್ಪಂದು?



ಬೇಸಿಗೆ ರಜೆ, ಭಾನುವಾರ, ಹನ್ನೊಂದು ಜನ. ಒಂದು ಮ್ಯಾಚ್‌ಗೆ ಇಷ್ಟು ಸಾಕು ಅಂತ ನಾವೆಲ್ಲ ಅಂದ್ಕೊಂಡಿರ್ತೀವಿ. ಬ್ಯಾಟು ಯಾರದೋ ಮನೆಯಿಂದ ಬರುತ್ತೆ. ಬಾಲ್‌ಗೆ ತಲೆಗಿಷ್ಟು ಅಂತ ದುಡ್ಡು ಹಾಕ್ತೀವಿ. ಸ್ಟಂಪ್ ಇಲ್ವಾ, ನಾಲ್ಕು ಇಟ್ಟಿಗೆ ಪೇರಿಸಿದ್ರಾಯ್ತು. ಹೊಂದಿಸೋಕೆ ಆಗದೇ ಇರೋದು ಒಂದೇ: ಜಾಗ. ಶನಿವಾರ ರಾತ್ರಿ ವಾಟ್ಸಾಪ್ ಗ್ರೂಪ್‌ನಲ್ಲಿ "ಗ್ರೌಂಡ್ ಸಿಕ್ತಾ?" ಅನ್ನೋ ಮೆಸೇಜ್ ಬರದ ಟೀಮ್ ಇದ್ರೆ, ಆ ಟೀಮ್ ಪುಣ್ಯ ಮಾಡಿದೆ.

ನಾನು ಬಿ.ಕಾಂ ಓದಿದವಳು. ಯಾವ ಕಥೆ ಕೇಳಿದ್ರೂ, ಇದರಲ್ಲಿ ಆಸ್ತಿ ಯಾರ ಹೆಸರಲ್ಲಿದೆ ಅಂತ ಮೊದಲು ನೋಡೋ ಅಭ್ಯಾಸ. ಭಾರತದ ಕ್ರಿಕೆಟ್ ಇತಿಹಾಸವನ್ನೂ ನಾನು ಹಾಗೇ ಓದ್ತಾ ಹೋದೆ. ಅಲ್ಲಿ ಶುರುವಿನಲ್ಲೇ ಒಂದು ಜಾಗದ ಜಗಳ ಇದೆ. ಇವತ್ತಿನ ಎಪಿಸೋಡ್ ಆ ಜಗಳದ ಬಗ್ಗೆ.

ಊರು ಬಾಂಬೆ. ಬ್ರಿಟಿಷರ ಕೋಟೆ ಇತ್ತಲ್ಲ, ಅದರ ಹೊರಗೆ ದೊಡ್ಡ ಬಯಲೊಂದನ್ನ ಖಾಲಿ ಬಿಟ್ಟಿದ್ರು. ಶತ್ರು ಬಂದ್ರೆ ಫಿರಂಗಿಗೆ ಏನೂ ಅಡ್ಡ ಇರಬಾರದು ಅಂತ. ಅದರ ಹೆಸರು ಎಸ್ಪ್ಲನೇಡ್. 1860ರ ದಶಕದಲ್ಲಿ ಕೋಟೆ ಗೋಡೆ ಕೆಡವಿದ್ರು, ಆದ್ರೆ ಬಯಲು ತುಂಡು ತುಂಡಾಗಿ ಉಳೀತು. ಇವತ್ತಿನ ಆಜಾದ್ ಮೈದಾನ, ಕ್ರಾಸ್ ಮೈದಾನ, ಓವಲ್ ಎಲ್ಲ ಅದರ ಭಾಗಗಳೇ. ಆಜಾದ್ ಮೈದಾನಕ್ಕೆ ಆಗ ಪರೇಡ್ ಗ್ರೌಂಡ್ ಅಂತಿದ್ರು.

ಅಲ್ಲಿ ಬ್ರಿಟಿಷ್ ಸಿಪಾಯಿಗಳು ಕ್ರಿಕೆಟ್ ಆಡೋದನ್ನ ಪಾರ್ಸಿ ಹುಡುಗರು ನಿಂತು ನೋಡ್ತಿದ್ರು. ಆಮೇಲೆ ತಾವೂ ಶುರು ಮಾಡಿದ್ರು. ಹ್ಯಾಟೇ ವಿಕೆಟ್, ಛತ್ರಿಯೇ ಬ್ಯಾಟು, ಚಿಂದಿ ತುಂಬಿ ಹೊಲಿದ ಸೊಟ್ಟ ಬಾಲ್ ಇಟ್ಕೊಂಡು ಆಡ್ತಿದ್ರಂತೆ. ನಮ್ಮ ಇಟ್ಟಿಗೆ ಸ್ಟಂಪ್‌ಗೆ ಎಷ್ಟು ಹಳೇ ವಂಶ ಇದೆ ನೋಡಿ! 1848ರಲ್ಲಿ ಅವರು ಓರಿಯೆಂಟಲ್ ಕ್ರಿಕೆಟ್ ಕ್ಲಬ್ ಕಟ್ಟಿದ್ರು. ಭಾರತೀಯರು ಕಟ್ಟಿಕೊಂಡ ಮೊದಲ ಕ್ರಿಕೆಟ್ ಕ್ಲಬ್ ಅದು. ಎರಡು ವರ್ಷಕ್ಕೆ ಝೊರಾಸ್ಟ್ರಿಯನ್ ಕ್ಲಬ್ ಬಂತು. ಆಮೇಲೆ ಹಿಂದೂಗಳು, ಮುಸ್ಲಿಮರು ಕೂಡ ಆಟಕ್ಕಿಳಿದರು. ಇವರೆಲ್ಲ ಬಿಡುವಿನಲ್ಲಿ ಆಡ್ತಿದ್ದ ಹವ್ಯಾಸಿಗಳು.

1875ರಲ್ಲಿ ಯುರೋಪಿಯನ್ನರು ಪರೇಡ್ ಗ್ರೌಂಡ್‌ನ ಒಂದು ತುದಿಯಲ್ಲಿ ಬಾಂಬೆ ಜಿಮ್ಖಾನಾ ಕಟ್ಟಿದ್ರು. ಅಲ್ಲಿನ ನುಣುಪಾದ ಹುಲ್ಲುಹಾಸು ಅವರಿಗೆ ಮಾತ್ರ. ಉಳಿದ ಬಯಲಲ್ಲಿ ದೇಶೀ ಹುಡುಗರು ಸೇರಿಕೊಂಡು ಆಡಬೇಕಿತ್ತು. ಅದನ್ನಾದ್ರೂ ಸುಮ್ಮನೆ ಬಿಟ್ರಾ? ಇಲ್ಲ. ಜಿಮ್ಖಾನಾದವರಿಗೆ ಪೋಲೋ ಹುಚ್ಚು. ಕುದುರೆ ಓಡಿಸಿದ್ರೆ ತಮ್ಮ ಹುಲ್ಲು ಹಾಳಾಗುತ್ತಲ್ಲ, ಅದಕ್ಕೆ ಈ ಹುಡುಗರು ಆಡೋ ಬಯಲಿಗೆ ಕುದುರೆ ತಂದ್ರು.

ಲಾಳ ಹೊಡೆದ ಕುದುರೆ ಓಡಿದ ನೆಲದಲ್ಲಿ ಏನಾಗುತ್ತೆ ಯೋಚಿಸಿ. ಗೊರಸು ಬಿದ್ದಲ್ಲೆಲ್ಲ ಗುಂಡಿ, ಪಕ್ಕದಲ್ಲೇ ಕಿತ್ತುಬಂದ ಮಣ್ಣಿನ ಹೆಂಟೆ. ಬಾಲ್ ಗುಂಡಿಗೆ ಬಿದ್ರೆ ನೆಲ ಕಚ್ಕೊಂಡು ಹೋಗುತ್ತೆ, ಅಂಚಿಗೆ ಬಿದ್ರೆ ಮುಖಕ್ಕೇ ನೆಗೆಯುತ್ತೆ. ಆಗ ಹೆಲ್ಮೆಟ್ ಇರಲಿಲ್ಲ. ಪೋಲೋ ಆಡ್ತಿದ್ದವರು ಬೆರಳೆಣಿಕೆ ಜನ, ಆ ಬಯಲನ್ನ ನಂಬಿಕೊಂಡಿದ್ದ ಕ್ರಿಕೆಟ್ ಹುಡುಗರು ನೂರಾರು.

ಇಲ್ಲಿ ಶಾಪೂರ್ಜಿ ಸೊರಾಬ್ಜಿ ಅನ್ನೋರು ಬರ್ತಾರೆ. ನೀವು ಇವರ ಸಿಕ್ಸರ್‌ನ ಹೈಲೈಟ್ಸ್ ಹುಡುಕಿದ್ರೆ ಸಿಗಲ್ಲ, ಇವರು ಆಡಿದ ದೊಡ್ಡ ಇನ್ನಿಂಗ್ಸ್ ಎಲ್ಲ ಕಾಗದದ ಮೇಲೆ. 1881ರಲ್ಲಿ ಅವರು 400ಕ್ಕೂ ಹೆಚ್ಚು ಜನರ ಸಹಿ ಸಂಗ್ರಹಿಸಿ ಗವರ್ನರ್ ಸರ್ ಜೇಮ್ಸ್ ಫರ್ಗುಸನ್‌ಗೆ ಅರ್ಜಿ ಹಾಕಿದ್ರು. ವಾದ ಸಿಂಪಲ್: ಅವರಿಗೆ ಅವರದೇ ಗ್ರೌಂಡ್ ಇದೆ, ನಮಗೆ ಇರೋದು ಇದೊಂದೇ, ಪೋಲೋ ಬೇರೆ ಕಡೆ ಆಡಲಿ. 1882ರಲ್ಲಿ ಸರ್ಕಾರ ಒಪ್ಪಿತು, ಪೋಲೋವನ್ನ ಅಲ್ಲಿಂದ ಎತ್ತಿಸಿತು. ಗೆದ್ವಿ ಅಂತ ಹುಡುಗರು ಉಸಿರು ಬಿಡೋಷ್ಟರಲ್ಲಿ ಜಿಮ್ಖಾನಾದವರು ತಮ್ಮ ಪ್ರಭಾವ ಬಳಸಿದ್ರು. ಮರುವರ್ಷ ಕುದುರೆಗಳು ವಾಪಸ್. ಮತ್ತೆ ಅರ್ಜಿ, ಮತ್ತೆ ಸಹಿ. ಈ ಇಡೀ ಹೋರಾಟದ ಕಥೆಯನ್ನ ಶಾಪೂರ್ಜಿ 1897ರಲ್ಲಿ ಪುಸ್ತಕ ಮಾಡಿದ್ರು. ಭಾರತದ ಕ್ರಿಕೆಟ್ ಬಗ್ಗೆ ಬಂದ ತೀರಾ ಹಳೆಯ ಪುಸ್ತಕಗಳಲ್ಲಿ ಅದೂ ಒಂದು, ಮತ್ತೆ ಅದರ ಅರ್ಧ ಕಥೆ ಅರ್ಜಿಗಳದ್ದು!

ಇಂಥ ನೆಲದಲ್ಲಿ ಆಡಿ ಕಲಿತವರೇ 1886ರಲ್ಲಿ ಇಂಗ್ಲೆಂಡ್‌ಗೆ ಹೋದ್ರು. 28 ಮ್ಯಾಚ್‌ನಲ್ಲಿ ಗೆದ್ದಿದ್ದು ಒಂದೇ. 1888ರಲ್ಲಿ ಮತ್ತೆ ಹೋಗಿ 8 ಗೆದ್ರು. 1890ರಲ್ಲಿ ವರ್ನನ್ ನಾಯಕತ್ವದ ಇಂಗ್ಲಿಷ್ ತಂಡ ಭಾರತಕ್ಕೆ ಬಂದಾಗ ಪಾರ್ಸಿಗಳು ಅದನ್ನ 4 ವಿಕೆಟ್‌ಗಳಿಂದ ಸೋಲಿಸಿದ್ರು. ಎಲ್ಲಿ ಗೊತ್ತಾ? ಅದೇ ಬಾಂಬೆ ಜಿಮ್ಖಾನಾದ ನುಣುಪು ಹುಲ್ಲಿನ ಮೇಲೆ. ಆ ಪ್ರವಾಸದಲ್ಲಿ ಇಂಗ್ಲಿಷರು ಸೋತಿದ್ದು ಅದೊಂದೇ ಮ್ಯಾಚ್.

ಇಲ್ಲಿಗೆ ನಿಲ್ಲಿಸಿದ್ರೆ ಬಾಲಿವುಡ್ ಸಿನಿಮಾ ಆಗುತ್ತೆ. ಆದ್ರೆ ಲೆಕ್ಕದ ಇನ್ನೊಂದು ಕಾಲಂ ಇದೆ, ಅದನ್ನೂ ಬರೀಬೇಕು.

ಸರ್ಕಾರ ಕೊನೆಗೆ ಈ ಬೇಡಿಕೆಗೆ ಕೊಟ್ಟ ಉತ್ತರ ಏನು? ಎಲ್ಲರಿಗೂ ಒಂದು ಬಯಲು ಅಂತ ಕೊಡಲಿಲ್ಲ. ಕಡಲ ತೀರದಲ್ಲಿ, ಇವತ್ತು ಮರೀನ್ ಡ್ರೈವ್ ಅಂತೀವಲ್ಲ ಅಲ್ಲಿ, ಪಾರ್ಸಿಗಳಿಗೆ ಒಂದು ಜಿಮ್ಖಾನಾ ಜಾಗ ಕೊಟ್ರು. 1890ರ ದಶಕದಲ್ಲಿ ಮುಸ್ಲಿಮರಿಗೊಂದು, ಹಿಂದೂಗಳಿಗೊಂದು. ಜಾಗ ಸಿಕ್ತು, ಜೊತೆಗೆ ಬೇಲಿನೂ ಬಂತು. ಆಮೇಲೆ ಬಾಂಬೆಯ ದೊಡ್ಡ ಟೂರ್ನಿಗಳೆಲ್ಲ ಧರ್ಮದ ಲೆಕ್ಕದಲ್ಲೇ ನಡೆದ್ವು. 1907ರಲ್ಲಿ ಮೂರು ತಂಡ, 1912ರಲ್ಲಿ ನಾಲ್ಕು, 1937ರಲ್ಲಿ ಐದು. ಇದು ನಿಂತಿದ್ದು 1946ರಲ್ಲಿ.

ಬೇಲಿಯೊಳಗೆ ಇನ್ನೂ ಒಂದು ಬೇಲಿ. ಪಾಲ್ವಂಕರ್ ಬಾಲೂ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, ದಲಿತ ಕುಟುಂಬದಲ್ಲಿ. ಪುಣೆಯ ಯುರೋಪಿಯನ್ನರ ಕ್ಲಬ್‌ನಲ್ಲಿ ಪಿಚ್ ನೋಡಿಕೊಳ್ಳೋ ಕೆಲಸ, ಸಂಬಳ ತಿಂಗಳಿಗೆ 4 ರೂಪಾಯಿ. ಅಲ್ಲೇ ನೆಟ್ಸ್‌ನಲ್ಲಿ ಸಾಹೇಬರಿಗೆ ಬಾಲ್ ಹಾಕಿ ಹಾಕಿ ದೊಡ್ಡ ಎಡಗೈ ಸ್ಪಿನ್ನರ್ ಆದರು. ಪುಣೆಯ ಹಿಂದೂ ತಂಡಕ್ಕೆ ಅವರ ವಿಕೆಟ್ ಬೇಕಿತ್ತು, ಟೀಮಲ್ಲಿ ಸೇರಿಸಿಕೊಂಡರು. ಆದ್ರೆ ಟೀ ಬ್ರೇಕ್ ಬಂದಾಗ ಬಾಲೂಗೆ ಟೀ ಕೊಡ್ತಿದ್ದದ್ದು ಪೆವಿಲಿಯನ್ ಹೊರಗೆ, ಕುಡಿದು ಬಿಸಾಡೋ ಮಣ್ಣಿನ ಕುಡಿಕೆಯಲ್ಲಿ. 1906ರಲ್ಲಿ ಬಾಂಬೆ ಜಿಮ್ಖಾನಾದಲ್ಲಿ ಹಿಂದೂಗಳು ಯುರೋಪಿಯನ್ನರನ್ನ 109 ರನ್‌ಗಳಿಂದ ಸೋಲಿಸಿದಾಗ ಇದೇ ಬಾಲೂ ಬೌಲಿಂಗ್ ನಿರ್ಣಾಯಕವಾಗಿತ್ತು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 100ಕ್ಕೂ ಹೆಚ್ಚು ವಿಕೆಟ್ ತೆಗೆದರು. ಆದ್ರೂ ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲೇ ಇಲ್ಲ. ಅದು ಸಿಕ್ಕಿದ್ದು ಅವರ ತಮ್ಮ ವಿಠಲ್‌ಗೆ, 1923ರಲ್ಲಿ.

ನನಗೆ ಈ ಇತಿಹಾಸದಲ್ಲಿ ಕಾಣೋದು ಇಷ್ಟು. ಜಾಗ ಕೇಳಿದವರ ಕೈಗೆ ಜಾಗ ಬಂದ ಕೂಡಲೇ ಗೇಟ್ ಯಾರಿಗೆ ತೆಗೀಬೇಕು ಅನ್ನೋ ಪ್ರಶ್ನೆ ಶುರುವಾಗುತ್ತೆ. ಅಂದಹಾಗೆ, ಇಷ್ಟು ಹೊತ್ತು ನಾನು ಹೇಳಿದ ಕಥೆಯಲ್ಲಿ ಒಬ್ಬ ಹೆಣ್ಣುಮಗಳ ಹೆಸರೂ ಬರಲಿಲ್ಲ, ಗಮನಿಸಿದ್ರಾ?

ಪರೇಡ್ ಗ್ರೌಂಡ್ ಏನಾಯ್ತು ಅಂತೀರಾ? ಅದು ಬಯಲಾಗೇ ಉಳೀತು. ಇವತ್ತು ಆಜಾದ್ ಮೈದಾನದಲ್ಲಿ ಒಂದರ ಪಕ್ಕ ಒಂದು 22 ಪಿಚ್‌ಗಳಿವೆ. ಒಂದು ಮ್ಯಾಚ್‌ನ ಫೀಲ್ಡರ್ ಇನ್ನೊಂದು ಮ್ಯಾಚ್‌ನ ಬೌಲರ್ ಬೆನ್ನ ಹಿಂದೆ ನಿಂತಿರ್ತಾನೆ. 1988ರಲ್ಲಿ ಸಚಿನ್ ಮತ್ತು ಕಾಂಬ್ಳಿ ಶಾಲೆಯ ಮ್ಯಾಚ್‌ನಲ್ಲಿ 664 ರನ್‌ಗಳ ಮುರಿಯದ ಜೊತೆಯಾಟ ಆಡಿದ್ದು ಇದೇ ನೆಲದಲ್ಲಿ. ನೂರು ವರ್ಷದ ಹಿಂದೆ ಕುದುರೆಗಳಿಗೆ ಸುಮ್ಮನೆ ಬಿಟ್ಟುಕೊಟ್ಟಿದ್ರೆ?

ಈಗ ನಮ್ಮೂರಿಗೆ ಬರೋಣ. ಬೆಂಗಳೂರಲ್ಲಿ ಟರ್ಫ್ ಬೇಕಂದ್ರೆ ಗಂಟೆ ಲೆಕ್ಕದಲ್ಲಿ ಆ್ಯಪ್‌ನಲ್ಲಿ ಬುಕ್ ಮಾಡ್ಬೇಕು. ದುಡ್ಡಿದ್ದವರಿಗೆ ಆಟ, ಇಲ್ಲದವರಿಗೆ ಬಲೆಯಾಚೆ ನಿಂತು ನೋಡೋ ಕೆಲಸ. ಆದ್ರೆ ಕರ್ನಾಟಕದಲ್ಲಿ 1985ರಿಂದಲೇ ಉದ್ಯಾನ, ಆಟದ ಮೈದಾನ, ಬಯಲು ಜಾಗ ಕಾಪಾಡೋಕೆ ಅಂತಲೇ ಒಂದು ಕಾಯ್ದೆ ಇದೆ. ಶಾಪೂರ್ಜಿ ಕೈಯಲ್ಲಿ ಅಂಥದ್ದೊಂದು ಕಾಗದವೂ ಇರಲಿಲ್ಲ, ಓಟೂ ಇರಲಿಲ್ಲ. ಇದ್ದದ್ದು ಒಂದು ಪೆನ್ನು, ಸಹಿ ಹಾಕೋಕೆ ತಯಾರಿದ್ದ ಗೆಳೆಯರು.

ನಿಮ್ಮ ಟೀಮಲ್ಲಿ ಹನ್ನೊಂದು ಜನ ಇದ್ದಾರೆ. ಎದುರಾಳಿ ಟೀಮಿನವರೂ ಸೇರಿದ್ರೆ ಇಪ್ಪತ್ತೆರಡು ಸಹಿ. ನಿಮ್ಮ ಏರಿಯಾದ ಮೈದಾನಕ್ಕೆ ಬೀಗ ಬಿದ್ದಿದ್ರೆ ಅಲ್ಲಿಂದ ಶುರು ಮಾಡಿ. ಬೀಗ ತೆಗೆದ ದಿನ ಗೇಟ್ ಹೊರಗೆ ಯಾರು ನಿಂತಿದ್ದಾರೆ ಅಂತ ಒಮ್ಮೆ ನೋಡಿ, ಅವರನ್ನೂ ಒಳಗೆ ಕರೀರಿ. ಫೀಲ್ಡಿಂಗ್‌ಗಂತೂ ಜನ ಯಾವಾಗ್ಲೂ ಕಮ್ಮಿನೇ ಇರ್ತಾರೆ.

ಮುಂದಿನ ವಾರ ಸಿಗೋಣ.