ಲೆಕ್ಕ ಕೇಳುವ ಹಕ್ಕು: ಹಿರಣ್ಯಕೇಶಿಯ ದಡದಿಂದ ವಿಧಾನಭವನದವರೆಗೆ

ಆಂಬೋಲಿಯ ಬಳಿ ಹುಟ್ಟುವ ಹಿರಣ್ಯಕೇಶಿ ನದಿಯು ಆಜರಾ, ಗಡಹಿಂಗ್ಲಜಗಳನ್ನು ದಾಟಿ, ಸಂಕೇಶ್ವರದ ಕಡೆಗೆ ಹರಿದು ಘಟಪ್ರಭೆಯನ್ನು ಸೇರುತ್ತದೆ. ಈ ನದಿಯ ದಡಗಳಲ್ಲಿ ಕನ್ನಡ, ಮರಾಠಿಗಳೆರಡನ್ನೂ ಆಡುತ್ತ ಬಾಳಿದವರು ನಾವು. ನಮ್ಮ ಊರುಗಳ ಇತಿಹಾಸವೆಂದರೆ ಕೋಟೆ, ಗುಡಿ, ಶಾಸನ, ಸಂಸ್ಥಾನಗಳ ಮಾತು ಬರುವುದು ವಾಡಿಕೆ. ಈ ಲೇಖನದಲ್ಲಿ ನಾವು ಬೇರೊಂದು ಪ್ರಶ್ನೆಯ ಇತಿಹಾಸವನ್ನು ನೋಡಲು ಯತ್ನಿಸಿದ್ದೇವೆ. ಪ್ರಜೆಗಳಿಂದ ಕೂಡಿಸಿದ ಹಣ ಎಲ್ಲಿಗೆ ಹೋಯಿತು, ಬಡವರ ಹೆಸರಿನಲ್ಲಿ ಹೂಡಿದ ಯೋಜನೆ ಬಡವರಿಗೆ ಮುಟ್ಟಿತೇ ಎಂದು ಕೇಳುವ ಅಧಿಕಾರವು ಈ ಭಾಗದ ಜನರಿಗೆ ಯಾವಾಗ, ಯಾವ ದಾರಿಯಿಂದ ದೊರೆಯಿತು ಎಂಬುದೇ ಆ ಪ್ರಶ್ನೆ.

ಸ್ವಾತಂತ್ರ್ಯಪೂರ್ವದಲ್ಲಿ ಆಜರಾ ಇಚಲಕರಂಜಿ ಜಹಗೀರಿಗೆ ಸೇರಿತ್ತು. ಗಡಹಿಂಗ್ಲಜ ಕೊಲ್ಹಾಪುರ ಸಂಸ್ಥಾನದ ಒಂದು ಪೇಟೆಯಾಗಿತ್ತು. ಸಮಾಜನೀತಿಯಲ್ಲಿ ಕೊಲ್ಹಾಪುರದ ಹೆಸರು ದೊಡ್ಡದು. ಶಾಹೂ ಮಹಾರಾಜರು 1902ರ ಜುಲೈ 26ರಂದು ಸಂಸ್ಥಾನದ ನೌಕರಿಗಳಲ್ಲಿ ತೆರವಾಗುವ ಸ್ಥಾನಗಳ ಪೈಕಿ ನೂರಕ್ಕೆ 50ನ್ನು ಹಿಂದುಳಿದವರಿಗೆ ಮೀಸಲಿಟ್ಟರು. 1917ರಲ್ಲಿ ಉಚಿತ ಹಾಗೂ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಆಜ್ಞೆ ಹೊರಡಿಸಿದರು. ಇವು ದೇಶಕ್ಕೇ ಮಾದರಿಯಾದ ಕಾರ್ಯಗಳು. ಆದರೆ ಆ ಆಜ್ಞೆ ಊರಿನ ಶಾಲೆಗೆ ಬಂದು ಮುಟ್ಟಿತೇ ಎಂದು ಅಧಿಕಾರಿಗಳನ್ನು ನಿಲ್ಲಿಸಿ ಕೇಳಲು ಜನರು ಆರಿಸಿದ ಸಭೆ ಆಗ ಇರಲಿಲ್ಲ. ಅರ್ಜಿ ಬರೆಯಬಹುದಿತ್ತು, ಉತ್ತರ ಕೊಡುವುದು ಅರಮನೆಯ ಮನಸ್ಸಿಗೆ ಬಿಟ್ಟದ್ದು. ಅರಸರು ಉದಾರಿಗಳಾಗಿದ್ದುದು ಜನರ ಭಾಗ್ಯ. ಆದರೆ ಭಾಗ್ಯವು ವ್ಯವಸ್ಥೆಯಲ್ಲ. ಅರಸನ ಹಿಂದೆಯೇ ಅದೂ ಹೊರಟುಹೋಗಬಹುದು.

ಅದೇ ಕಾಲದಲ್ಲಿ ಕನ್ನಡ ನಾಡಿನ ದಕ್ಷಿಣ ತುದಿಯಲ್ಲಿ ಬೇರೊಂದು ಪ್ರಯೋಗ ನಡೆದಿತ್ತು. ದಿವಾನ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ಅಕ್ಟೋಬರ್ 7ರಂದು, ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯು ಮೊದಲ ಸಲ ಕೂಡಿತು. 144 ಪ್ರತಿನಿಧಿಗಳ ಮುಂದೆ ದಿವಾನರು ಸಂಸ್ಥಾನದ ಆದಾಯ, ವೆಚ್ಚ, ಕಾಮಗಾರಿಗಳ ವಿವರವನ್ನು ಒಪ್ಪಿಸಿದರು. ಸಭೆಗೆ ಮತ ಹಾಕುವ ಅಧಿಕಾರವಿರಲಿಲ್ಲ. ಅಹವಾಲು ಹೇಳುವ ಅವಕಾಶ ಮಾತ್ರ ಇತ್ತು. 1923ರ ಕಾಯ್ದೆಯ ನಂತರವೇ ಹೊಸ ತೆರಿಗೆಗಳ ವಿಷಯದಲ್ಲಿ ಸಭೆಯನ್ನು ಕೇಳುವುದು ಕಡ್ಡಾಯವಾಯಿತು. ಹೀಗಿದ್ದರೂ ಪ್ರಜೆಗಳ ಎದುರು ಲೆಕ್ಕ ಓದುವ ಸಂಪ್ರದಾಯವೊಂದು ಕನ್ನಡದ ನೆಲದಲ್ಲಿ ಆರಂಭವಾದದ್ದು ಸಣ್ಣ ಸಂಗತಿಯಲ್ಲ.

ನಮ್ಮ ನೆರೆಯ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಜಿಲ್ಲೆಗಳು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. 1919ರ ಸುಧಾರಣಾ ಕಾಯ್ದೆಯು ಶಿಕ್ಷಣ, ಆರೋಗ್ಯ, ಸ್ಥಳೀಯ ಸ್ವರಾಜ್ಯದಂತಹ ವಿಷಯಗಳನ್ನು ಪ್ರಾಂತಗಳ ಸಚಿವರಿಗೆ ಒಪ್ಪಿಸಿ, ಆ ಸಚಿವರನ್ನು ಪ್ರಾಂತೀಯ ಶಾಸನಸಭೆಗೆ ಉತ್ತರದಾಯಿಗಳನ್ನಾಗಿ ಮಾಡಿತು. ದೊಡ್ಡ ಸರಕಾರವು ತನ್ನ ಅಧಿಕಾರದ ಒಂದು ಪಾಲನ್ನು ಕೆಳಗಿನ ಸಭೆಗೆ ಹಂಚಿಕೊಡುವ ಪದ್ಧತಿ ನಮ್ಮಲ್ಲಿ ಬೇರೂರಿದ್ದು ಹೀಗೆ. 1920ರಲ್ಲಿ ಶಾಹೂ ಮಹಾರಾಜರೊಡನೆ ಮಾಣಗಾಂವದ ಪರಿಷತ್ತಿನಲ್ಲಿ ವೇದಿಕೆ ಹಂಚಿಕೊಂಡಿದ್ದ ಡಾ. ಬಾಬಾಸಾಹೇಬ ಅಂಬೇಡ್ಕರರು 1927ರಲ್ಲಿ ಈ ಸಭೆಗೆ ಸದಸ್ಯರಾಗಿ ಬಂದರು. ಸಭೆಯಲ್ಲಿ ಅವರ ಮೊದಲ ಭಾಷಣವೇ ಮುಂಗಡಪತ್ರದ ಮೇಲೆ. ಮುಂದೆ ಶಿಕ್ಷಣದ ಅನುದಾನದ ಚರ್ಚೆಯಲ್ಲಿ ಅವರು ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟರು. ಸರಕಾರ ಶಿಕ್ಷಣಕ್ಕೆ ತಲೆಗೆ 14 ಆಣೆ ಖರ್ಚು ಮಾಡುತ್ತದೆ. ಅಬಕಾರಿಯಿಂದ ತಲೆಗೆ 2 ರೂಪಾಯಿಗೂ ಮಿಕ್ಕಿ ವಸೂಲು ಮಾಡುತ್ತದೆ. ಅಬಕಾರಿಯಿಂದ ಜನರಿಂದ ಪಡೆದಷ್ಟನ್ನಾದರೂ ಅವರ ಶಿಕ್ಷಣಕ್ಕೆ ವೆಚ್ಚ ಮಾಡುವುದು ನ್ಯಾಯವೆಂಬುದು ಅವರ ವಾದ. ಮುಂಗಡಪತ್ರದ ಅಂಕಿಗಳಲ್ಲಿ ಸಮಾಜದ ಸ್ಥಿತಿಯನ್ನು ಓದುವುದು ಹೇಗೆಂಬುದನ್ನು ಆ ಭಾಷಣ ಇಂದಿಗೂ ಕಲಿಸುತ್ತದೆ.

ಕೊಲ್ಹಾಪುರ ಸಂಸ್ಥಾನವು 1949ರ ಮಾರ್ಚ್ 1ರಂದು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1952ರ ಸಾರ್ವತ್ರಿಕ ಚುನಾವಣೆಯಲ್ಲಿ ಇಲ್ಲಿಯ ರೈತ, ಕೂಲಿಕಾರ, ಹೆಂಗಸರೆಲ್ಲರೂ ಮತ ಹಾಕಿ ತಮ್ಮ ಶಾಸಕರನ್ನು ಆರಿಸಿದರು. 1956ರಲ್ಲಿ ನೆರೆಯ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಹೋದವು. ಬೆಳಗಾವಿ ಜಿಲ್ಲೆಯ ಚಂದಗಡ ತಾಲೂಕು ನಮ್ಮ ಜಿಲ್ಲೆಗೆ ಬಂದಿತು. 1960ರ ಮೇ 1ರಿಂದ ನಮ್ಮ ಲೆಕ್ಕ ಕೇಳುವ ಮನೆ ಮಹಾರಾಷ್ಟ್ರದ ವಿಧಾನಮಂಡಲವಾಯಿತು.

ಈ ವಿಧಾನಮಂಡಲದ ಇತಿಹಾಸದಲ್ಲಿ ನಾವು ಮುಖ್ಯವಾಗಿ ನೆನೆಯಬೇಕಾದ ಅಧ್ಯಾಯವು ನಮ್ಮ ನೆರೆಯ ಸಾಂಗಲಿ ಜಿಲ್ಲೆಯಲ್ಲಿ ಹುಟ್ಟಿತು. ವಿಧಾನ ಪರಿಷತ್ತಿನ ಸಭಾಪತಿಗಳಾಗಿದ್ದ ವಿ. ಸ. ಪಾಗೆಯವರು ತಾಸಗಾಂವ ತಾಲೂಕಿನ ವಿಸಾಪುರದವರು. ದುಡಿಯಲು ಸಿದ್ಧನಿದ್ದವನಿಗೆ ಕೆಲಸ ಕೊಡುವುದು ಸರಕಾರದ ಹೊಣೆ ಎಂಬ ಅವರ ವಿಚಾರವು 1965ರಲ್ಲಿ ತಾಸಗಾಂವ ಭಾಗದಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. 1972ರ ಭೀಕರ ಬರಗಾಲ ಅದಕ್ಕೆ ರಾಜ್ಯವ್ಯಾಪಿ ರೂಪ ಕೊಟ್ಟಿತು. 1973ರ ಬೇಸಿಗೆಯಲ್ಲಿ ಸುಮಾರು 50 ಲಕ್ಷ ಜನ ಬರಗಾಲದ ಕಾಮಗಾರಿಗಳ ಮೇಲೆ ಕಲ್ಲು ಒಡೆದರು, ಮಣ್ಣು ಹೊತ್ತರು. ಯೋಜನೆಗೆ ಹಣ ಹೊಂದಿಸಲು 1975ರಲ್ಲಿ ವೃತ್ತಿ ತೆರಿಗೆಯ ಕಾಯ್ದೆ ಬಂದಿತು. ಪಟ್ಟಣದ ಪಗಾರದಾರರ ತೆರಿಗೆಯಿಂದ ಹಳ್ಳಿಯ ಕೂಲಿಗೆ ಹಣ ಕೂಡಿತು. ಉದ್ಯೋಗ ಖಾತರಿ ಕಾಯ್ದೆಯು 1977ರಲ್ಲಿ ಉಭಯ ಸದನಗಳ ಒಪ್ಪಿಗೆ ಪಡೆದು 1979ರ ಜನವರಿ 26ರಿಂದ ಜಾರಿಗೆ ಬಂದಿತು. ಅರ್ಜಿ ಕೊಟ್ಟ 15 ದಿನಗಳಲ್ಲಿ ಕೆಲಸ, ಇಲ್ಲವಾದರೆ ನಿರುದ್ಯೋಗ ಭತ್ಯೆ: ಇದು ಕಾಯ್ದೆಯ ತಿರುಳು. ಕೇಂದ್ರದ 2005ರ ಗ್ರಾಮೀಣ ಉದ್ಯೋಗ ಕಾಯ್ದೆಗೆ ಇದೇ ದಾರಿ ತೋರಿತು.

ನಮ್ಮ ಆಜರಾದಲ್ಲಿ ಮಳೆಗೆ ಕೊರತೆಯಿಲ್ಲ. ಆದರೆ ಸುಗ್ಗಿ ಮುಗಿದ ಮೇಲೆ ಕೈಗೆ ಕೆಲಸವಿಲ್ಲದೆ ಮುಂಬಯಿಯ ಗಿರಣಿಗಳ ದಾರಿ ಹಿಡಿದ ಮನೆಗಳು ಈ ಭಾಗದಲ್ಲಿ ಎಷ್ಟೋ. ಆದ್ದರಿಂದ ಊರಿನಲ್ಲಿಯೇ ಕೆಲಸವೆಂಬ ಮಾತಿನ ಬೆಲೆ ನಮಗೆ ತಿಳಿದದ್ದೇ.

ಈ ಮಾತು ನಡೆಯುತ್ತದೆಯೋ ಇಲ್ಲವೋ ಎಂದು ಶಾಸಕಾಂಗವು ನೋಡುವ ಬಗೆಯನ್ನು ಸ್ವಲ್ಪ ವಿವರಿಸಬೇಕು. ಮೊದಲನೆಯದು ಹಣ ಕೊಡುವ ಮುನ್ನಿನ ಪರೀಕ್ಷೆ. ಸಂವಿಧಾನದ 202ರಿಂದ 204ನೆಯ ವಿಧಿಗಳಂತೆ ಅರ್ಥಮಂತ್ರಿಗಳು ವಾರ್ಷಿಕ ಆಯವ್ಯಯವನ್ನು ಮಂಡಿಸುತ್ತಾರೆ. ಪ್ರತಿ ಇಲಾಖೆಯ ಬೇಡಿಕೆಯ ಮೇಲೆ ವಿಧಾನಸಭೆ ಮತ ಹಾಕುತ್ತದೆ. ಧನವಿನಿಯೋಗ ಮಸೂದೆ ಅಂಗೀಕಾರವಾಗದೆ ಖಜಾನೆಯಿಂದ ಹಣ ತೆಗೆಯುವಂತಿಲ್ಲ. ಎರಡನೆಯದು ಖರ್ಚು ನಡೆದಿರುವಾಗಿನ ಪರೀಕ್ಷೆ. ಪ್ರಶ್ನೋತ್ತರ, ಗಮನ ಸೆಳೆಯುವ ಸೂಚನೆ, ಅರ್ಧ ಗಂಟೆಯ ಚರ್ಚೆಗಳಲ್ಲಿ ಯಾವುದೋ ಹಳ್ಳಿಯ ಹಾಜರಿ ಪಟ್ಟಿಯಲ್ಲಿ ಸತ್ತವರ ಹೆಸರಿದ್ದರೂ ಸಚಿವರು ಎದ್ದುನಿಂತು ಉತ್ತರಿಸಬೇಕಾಗುತ್ತದೆ. ಉದ್ಯೋಗ ಖಾತರಿಗೆಂದೇ ಉಭಯ ಸದನಗಳ ಪ್ರತ್ಯೇಕ ಸಮಿತಿಯಿದೆ. ಪಂಚಾಯತ ರಾಜ ಸಮಿತಿಯು ಜಿಲ್ಲಾ ಪರಿಷತ್ತುಗಳಿಗೆ ಬಂದು ಕಡತ ತೆರೆಸುತ್ತದೆ. ಮೂರನೆಯದು ಖರ್ಚಾದ ಮೇಲಿನ ಪರೀಕ್ಷೆ. ಮಹಾಲೆಕ್ಕ ಪರಿಶೋಧಕರ ವರದಿಯನ್ನು ರಾಜ್ಯಪಾಲರು ಸದನದ ಮುಂದೆ ಇರಿಸುತ್ತಾರೆ. ಸಾರ್ವಜನಿಕ ಲೆಕ್ಕಪತ್ರ ಸಮಿತಿಯು ಇಲಾಖೆಯ ಕಾರ್ಯದರ್ಶಿಗಳನ್ನು ಕರೆದು ವಿಚಾರಿಸುತ್ತದೆ. ಈ ಸಮಿತಿಯ ಮೂಲ 1861ರ ಬ್ರಿಟಿಷ್ ಸಂಸತ್ತಿನಲ್ಲಿದೆ. 1999ರಲ್ಲಿ ಅಧಿಕಾರ ಪಡೆದ ಸ್ಕಾಟ್ಲೆಂಡಿನ ಸಂಸತ್ತೂ ತನ್ನ ಲೆಕ್ಕ ಪರಿಶೋಧಕರ ವರದಿಗಳನ್ನು ಇಂತಹದೇ ಸಮಿತಿಯ ಮುಂದೆ ಇಡುತ್ತದೆ.

ಹಾಗೆಂದು ಈ ವ್ಯವಸ್ಥೆ ನಿರ್ದೋಷವಾದುದೆಂದು ನಾವು ಹೇಳಲಾರೆವು. ಬೇಡಿಕೆಗಳ ಚರ್ಚೆಗೆ ಗೊತ್ತಾದ ದಿನಗಳು ಮುಗಿದೊಡನೆ ಉಳಿದವೆಲ್ಲ ಚರ್ಚೆಯಿಲ್ಲದೆ ಒಟ್ಟಿಗೆ ಮತಕ್ಕೆ ಹೋಗುತ್ತವೆ. ಲೆಕ್ಕ ಪರಿಶೋಧನೆಯ ಆಕ್ಷೇಪ ಸಮಿತಿಯ ಮುಂದೆ ಬರುವ ಹೊತ್ತಿಗೆ ಆ ಕಾಮಗಾರಿ ಮುಗಿದು ವರುಷಗಳಾಗಿರುತ್ತವೆ. ಅಧಿಕಾರಿ ವರ್ಗವಾಗಿ ಹೋಗಿರುತ್ತಾನೆ. ಕೂಲಿ ಸಿಗದ ಹೆಣ್ಣುಮಗಳಿಗೆ ಆ ವರದಿಯಿಂದ ಅಂದಿನ ಅನ್ನ ದೊರೆಯದು. ಆದರೂ ಬರಹದಲ್ಲಿ ಬಿದ್ದ ಪ್ರಶ್ನೆ ಸುಲಭವಾಗಿ ಅಳಿಯುವುದಿಲ್ಲ. ಮುಂದಿನ ಕಾಯ್ದೆಯನ್ನು ತಿದ್ದುವವರಿಗೆ ಅದು ಆಧಾರವಾಗುತ್ತದೆ. ಕೇಂದ್ರದ 2005ರ ಕಾಯ್ದೆಯು ಗ್ರಾಮಸಭೆಗೇ ಸಾಮಾಜಿಕ ಲೆಕ್ಕಪರಿಶೋಧನೆಯ ಹೊಣೆ ಕೊಟ್ಟದ್ದು ಮೇಲಿನ ಕಣ್ಣು ಮಾತ್ರ ಸಾಲದೆಂಬ ಅನುಭವದಿಂದಲೇ.

ಇಲ್ಲಿ ನಮ್ಮ ಭಾಷೆಯ ಪ್ರಶ್ನೆ ಬರುತ್ತದೆ. ಆಯವ್ಯಯವೂ ಸಮಿತಿಯ ವರದಿಯೂ ಮರಾಠಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಬರುತ್ತವೆ. ಮರಾಠಿ ನಮಗೆ ಪರಕೀಯವಲ್ಲ. ಅದರಲ್ಲಿಯೇ ನಮ್ಮ ಮಕ್ಕಳು ಓದುತ್ತಾರೆ, ನಾವು ವ್ಯವಹರಿಸುತ್ತೇವೆ. ಆದರೂ ಮನೆಯಲ್ಲಿ ಕನ್ನಡವನ್ನಷ್ಟೇ ಬಲ್ಲ ವೃದ್ಧೆಗೆ ತನ್ನ ಪಿಂಚಣಿ ಏಕೆ ನಿಂತಿತೆಂಬುದು ಅರ್ಥವಾಗಬೇಕಾದದ್ದು ಅವಳ ಮಾತಿನಲ್ಲಿಯೇ. ಸಂವಿಧಾನ ಇದನ್ನು ಮರೆತಿಲ್ಲ. 350ನೆಯ ವಿಧಿಯಂತೆ ಕುಂದುಕೊರತೆಯ ಅರ್ಜಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸಬಹುದು. 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಮಾಡಲು ರಾಜ್ಯಗಳಿಗೆ ಹೇಳುತ್ತದೆ. ಸದನದ ಭಾಷೆಗಳಲ್ಲಿ ಸರಿಯಾಗಿ ಹೇಳಲಾರದ ಸದಸ್ಯನಿಗೆ ಮಾತೃಭಾಷೆಯಲ್ಲಿ ಮಾತಾಡಲು ಸಭಾಧ್ಯಕ್ಷರು ಅನುಮತಿ ಕೊಡಬಹುದೆಂದು 210ನೆಯ ವಿಧಿ ಹೇಳುತ್ತದೆ.

ಕನ್ನಡ ಸಂಘವೆಂದರೆ ನಾಡಹಬ್ಬ, ಕವಿಗೋಷ್ಠಿ, ಸನ್ಮಾನಗಳಷ್ಟೇ ಎಂಬ ಭಾವನೆ ನಮ್ಮಲ್ಲಿಯೂ ಇದೆ. ಅವು ಬೇಕು. ಅದರೊಡನೆ ವರುಷಕ್ಕೊಮ್ಮೆ, ಮುಂಗಡಪತ್ರ ಮಂಡನೆಯಾದ ಬಳಿಕ, ನಮ್ಮ ತಾಲೂಕಿನ ಶಾಲೆ, ದವಾಖಾನೆ, ಪಿಂಚಣಿ, ಕೂಲಿಯ ಬಾಬುಗಳನ್ನು ಕನ್ನಡದಲ್ಲಿ ಓದಿ ಹೇಳುವ ಒಂದು ಸಂಜೆಯನ್ನು ಸಂಘವು ನಡೆಸಬಾರದೇಕೆ? ಅಲ್ಲಿ ಎದ್ದ ಪ್ರಶ್ನೆಗಳನ್ನು ಎರಡೂ ಭಾಷೆಗಳಲ್ಲಿ ಬರೆದು ನಮ್ಮ ಶಾಸಕರ ಕೈಗೆ ಕೊಡೋಣ. ಅಧಿವೇಶನ ಮುಗಿದ ಮೇಲೆ ಉತ್ತರವೇನು ಬಂದಿತೆಂದು ಅವರನ್ನೇ ಕರೆದು ಕೇಳೋಣ. ನಮ್ಮ ಹಿರಿಯರಿಗೆ ಅರಮನೆಗೆ ಅರ್ಜಿ ಬರೆಯುವ ದಾರಿಯೊಂದೇ ಇತ್ತು. ನಮಗಿರುವ ದಾರಿ ಅದಕ್ಕಿಂತ ಅಗಲವಾದುದು.