ಸಿರೋಸಿಸ್‌ನಲ್ಲಿ ರಕ್ತನಾಳಗಳು ಮತ್ತು ಹಾರ್ಮೋನುಗಳು: ಅಧ್ಯಯನದ ಇತಿಹಾಸ

ಯಕೃತ್ತು ನಾರುಗಟ್ಟಿ, ಗಂಟುಗಂಟಾಗಿ ಗಡಸಾಗುವ ರೋಗ ಸಿರೋಸಿಸ್. ಈ ಹೆಸರನ್ನು 1819ರಲ್ಲಿ ಬಳಕೆಗೆ ತಂದವರು ಫ್ರಾನ್ಸಿನ ವೈದ್ಯ ರೆನೆ ಲೆನೆಕ್. ಮೈಯ ಉಳಿದ ರಕ್ತನಾಳಗಳೂ ಇದರಲ್ಲಿ ಹದಗೆಡುತ್ತವೆಂಬುದು ಸ್ಪಷ್ಟವಾದದ್ದು ಬಹಳ ತಡವಾಗಿ.

1953ರಲ್ಲಿ ಅಮೆರಿಕದ ಕೊವಾಲ್ಸ್ಕಿ ಮತ್ತು ಅಬೆಲ್‌ಮನ್ ಇಂಥ ರೋಗಿಗಳ ಹೃದಯ ಹೊರದೂಡುವ ರಕ್ತವನ್ನು ಅಳೆದರು. ವಿಶ್ರಾಂತಿಯಲ್ಲಿದ್ದರೂ ಹಲವರಲ್ಲಿ ಅದು ಸಾಮಾನ್ಯಕ್ಕಿಂತ ಹೆಚ್ಚಿತ್ತು. ಅಪಧಮನಿಗಳು ಸಡಿಲಗೊಂಡು ಹಿಗ್ಗಿದ್ದವು. 1963ರಲ್ಲಿ ಜಾನ್ ಲಾರಾ ಅವರ ತಂಡ ಜಲೋದರವಿದ್ದವರಿಗೆ ಆಂಜಿಯೊಟೆನ್ಸಿನ್ ಹನಿಸಿದಾಗ ರಕ್ತದೊತ್ತಡ ನಿರೀಕ್ಷಿಸಿದಷ್ಟು ಏರಲಿಲ್ಲ. ನಾಳವನ್ನು ಬಿಗಿಯಬೇಕಾದ ಹಾರ್ಮೋನಿಗೆ ನಾಳವೇ ಮಣಿಯುತ್ತಿರಲಿಲ್ಲ.

ಕಾರಣದ ಸುಳಿವು ಸಿಕ್ಕಿದ್ದು ಬೇರೊಂದು ಕಡೆಯಿಂದ. ರಕ್ತನಾಳದ ಒಳಪೊರೆಯ ಕೋಶಗಳೇ ನಾಳವನ್ನು ಸಡಿಲಿಸುವ ವಸ್ತುವೊಂದನ್ನು ಸ್ರವಿಸುತ್ತವೆಂದು ರಾಬರ್ಟ್ ಫರ್ಚ್‌ಗಾಟ್ 1980ರಲ್ಲಿ ತೋರಿಸಿದರು. ಅದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವೆಂದು 1987ರಲ್ಲಿ ಖಚಿತವಾಯಿತು. ಸಿರೋಸಿಸ್ ರೋಗಿಗಳಲ್ಲಿ ಇದೇ ಅನಿಲ ಅತಿಯಾಗುತ್ತಿರಬಹುದೆಂದು ವಾಲೆನ್ಸ್ ಮತ್ತು ಮೊಂಕಾಡಾ 1991ರಲ್ಲಿ ಸೂಚಿಸಿದರು. ಕರುಳಿನ ಬ್ಯಾಕ್ಟೀರಿಯಾಗಳ ವಿಷಾಂಶ ಯಕೃತ್ತಿನಲ್ಲಿ ಸೋಸಿಹೋಗದೆ ರಕ್ತ ಸೇರುತ್ತದೆ, ಒಳಪೊರೆಯನ್ನು ಕೆರಳಿಸಿ ಈ ಅನಿಲವನ್ನು ಹೆಚ್ಚಿಸುತ್ತದೆ. ಆಗ ಹಾರ್ಮೋನು ಕೋಶದ ಮೇಲಿನ ಗ್ರಾಹಿಗೆ ಅಂಟಿಕೊಂಡರೂ ಸ್ನಾಯುಕೋಶ ಸರಿಯಾಗಿ ಸಂಕುಚಿಸುವುದಿಲ್ಲ. ಗ್ರಾಹಿಯಿಂದಾಚೆ ಕೋಶದೊಳಗೆ ಸಾಗಬೇಕಾದ ಸಂಕೇತವೂ ದುರ್ಬಲವಾಗಿರುತ್ತದೆಂದು ಮುಂದಿನ ಪ್ರಯೋಗಗಳು ತೋರಿಸಿದವು.

ಇಡೀ ಚರಿತ್ರೆಯಲ್ಲಿ ಅತ್ಯಂತ ವಿಸ್ಮಯದ ಸಂಗತಿ ಯಕೃತ್ತಿನ ಒಳಗಿದೆ. ಅಲ್ಲಿ ನಡೆಯುವುದು ತದ್ವಿರುದ್ಧ! 1985ರಲ್ಲಿ ಭಥಾಲ್ ಮತ್ತು ಗ್ರಾಸ್‌ಮನ್ ರೋಗಗ್ರಸ್ತ ಇಲಿಯ ಯಕೃತ್ತನ್ನು ಹೊರತೆಗೆದು, ನಾಳ ಹಿಗ್ಗಿಸುವ ಔಷಧಿ ಹರಿಸಿದಾಗ ರಕ್ತದ ಹರಿವಿಗಿದ್ದ ಪ್ರತಿರೋಧ ಇಳಿಯಿತು. ಅಂದರೆ ಕರುಳಿನಿಂದ ಯಕೃತ್ತಿಗೆ ರಕ್ತ ತರುವ ಪೋರ್ಟಲ್ ಸಿರೆಯ ಒತ್ತಡಕ್ಕೆ ಕಲೆಗಟ್ಟಿದ ಅಂಗಾಂಶವೊಂದೇ ಕಾರಣವಲ್ಲ, ಜೀವಂತ ಕೋಶಗಳ ಬಿಗಿತವೂ ಸೇರಿದೆ. 1998ರ ಹೊತ್ತಿಗೆ ಕಾರಣವೂ ತಿಳಿಯಿತು: ಯಕೃತ್ತಿನ ಒಳಪೊರೆ ನೈಟ್ರಿಕ್ ಆಕ್ಸೈಡನ್ನು ಕಡಿಮೆ ತಯಾರಿಸುತ್ತದೆ. ನಾಳ ಬಿಗಿಯುವ ಆಂಜಿಯೊಟೆನ್ಸಿನ್, ಎಂಡೊಥೀಲಿನ್‌ಗಳಿಗೆ ಅಲ್ಲಿನ ನಕ್ಷತ್ರಾಕಾರದ ಕೋಶಗಳು ಅತಿಯಾಗಿ ಸಂಕುಚಿಸುತ್ತವೆ.

ಹಿಗ್ಗಿದ ನಾಳಗಳನ್ನು ದೇಹವು ರಕ್ತದ ಕೊರತೆಯೆಂದು ಗ್ರಹಿಸಿ ಹಾರ್ಮೋನುಗಳನ್ನು ಮತ್ತಷ್ಟು ಸುರಿಸುತ್ತದೆ, ಉಪ್ಪು, ನೀರು ಮೈಯಲ್ಲೇ ಉಳಿಯುತ್ತವೆ ಎಂಬ ವಾದವನ್ನು ಶ್ರಿಯರ್ ಮತ್ತು ಸಂಗಡಿಗರು 1988ರಲ್ಲಿ ಮಂಡಿಸಿದರು. ಜಲೋದರಕ್ಕೂ ಮೂತ್ರಪಿಂಡದ ವೈಫಲ್ಯಕ್ಕೂ ಇದೇ ಹಾದಿ. ರಕ್ತದೊತ್ತಡ ಇಳಿಸುವ ಸಾಧಾರಣ ಮಾತ್ರೆ ಕೂಡ ಇಂಥ ರೋಗಿಗೆ ಅಪಾಯ ತರಬಹುದಾದದ್ದು ಇದರಿಂದಲೇ. ಆದರೂ ಸಂಶೋಧಕ ಲೆಬ್ರೆಕ್ 1980ರಲ್ಲಿ ಪರೀಕ್ಷಿಸಿದ ಪ್ರೊಪ್ರನೊಲಾಲ್ ಔಷಧಿ ಪೋರ್ಟಲ್ ಒತ್ತಡ ತಗ್ಗಿಸಿ ಅನ್ನನಾಳದ ರಕ್ತಸ್ರಾವ ತಡೆಯಲು ಇಂದೂ ಬಳಕೆಯಲ್ಲಿದೆ. ಕರುಳಿನ ಹಿಗ್ಗಿದ ನಾಳಗಳನ್ನು ಬಿಗಿದು ಮೂತ್ರಪಿಂಡಕ್ಕೆ ರಕ್ತ ಮರಳಿಸುವ ಟರ್ಲಿಪ್ರೆಸಿನ್‌ಗೆ ಅಮೆರಿಕ 2022ರಲ್ಲಿ ಒಪ್ಪಿಗೆ ಕೊಟ್ಟಿತು. ಭಾರತದ ಆಸ್ಪತ್ರೆಗಳಲ್ಲಿ ಅದು ಅದಕ್ಕೂ ಮೊದಲೇ ಬಳಕೆಯಲ್ಲಿತ್ತು.