ಹುಲಿಯ ಪಟ್ಟೆ, ಸೈನಿಕನ ಪಟ್ಟಿ

ಸೈನಿಕನ ಎದೆಯ ಮೇಲಿನ ಒಂದು ತುಂಡು ಬಟ್ಟೆಯ ಪಟ್ಟಿಗೆ ಅರ್ಥ ಕೊಡುವವರು ಯಾರು? ಕೊಟ್ಟ ಅರಸನೋ, ಧರಿಸಿದವನೋ, ನೋಡುವ ಜನರೋ? ರಷ್ಯದ ಸೇಂಟ್ ಜಾರ್ಜ್ ಪಟ್ಟಿಯ ವಿಷಯದಲ್ಲಿ ಈ ಪ್ರಶ್ನೆ ಈಗ ಕಾನೂನಿನ ಮೆಟ್ಟಿಲೇರಿದೆ.

ಮೂರು ಕಪ್ಪು ಗೆರೆ, ನಡುವೆ ಎರಡು ಕಿತ್ತಳೆ ಗೆರೆ. 1769ರಲ್ಲಿ ತುರ್ಕರೊಡನೆ ಯುದ್ಧ ನಡೆದಿದ್ದಾಗ ಮಹಾರಾಣಿ ಎರಡನೇ ಕ್ಯಾಥರೀನ್ ಸ್ಥಾಪಿಸಿದ ಶೌರ್ಯ ಪ್ರಶಸ್ತಿಗೆ ಇದನ್ನು ಪೋಣಿಸಲಾಗಿತ್ತು. ಕಪ್ಪು ಎಂದರೆ ಮದ್ದಿನ ಹೊಗೆ, ಕಿತ್ತಳೆ ಎಂದರೆ ಬೆಂಕಿ ಎಂದು ಜನ ಅರ್ಥ ಹೇಳುತ್ತಾರೆ. 1917ರ ಕ್ರಾಂತಿ ಅರಸರ ಪ್ರಶಸ್ತಿಗಳನ್ನು ರದ್ದುಪಡಿಸಿತು. ಆದರೆ ಹಿಟ್ಲರನ ಸೇನೆ ಮೇಲೆರಗಿದಾಗ ಅದೇ ಬಣ್ಣಗಳು ಸೋವಿಯತ್ ಸೇನೆಗೆ ಮರಳಿದವು; 1945ರ ವಿಜಯ ಪದಕ ತೂಗಿದ್ದು ಈ ಪಟ್ಟಿಯಲ್ಲೇ. 2005ರಲ್ಲಿ, ವಿಜಯದ 60ನೇ ವರ್ಷದಂದು, ಅದನ್ನು ಬೀದಿಯಲ್ಲಿ ಜನಸಾಮಾನ್ಯರಿಗೆ ಹಂಚಲಾಯಿತು. 2014ರಲ್ಲಿ ಪೂರ್ವ ಉಕ್ರೇನಿನಲ್ಲಿ ಬಂಡೆದ್ದ ರಷ್ಯ ಪರ ಪಡೆಗಳು ಅದನ್ನೇ ಕಟ್ಟಿಕೊಂಡವು. ಉಕ್ರೇನ್ 2017ರಲ್ಲಿ ಅದರ ಬಹಿರಂಗ ಬಳಕೆಯನ್ನು ನಿಷೇಧಿಸಿತು. ರಷ್ಯ 2022ರಲ್ಲಿ ಅದನ್ನು ಸೇನಾ ಕೀರ್ತಿಯ ಚಿಹ್ನೆಯೆಂದು ಶಾಸನದಲ್ಲಿ ಬರೆಯಿತು. ಹಿಟ್ಲರನ ವಿರುದ್ಧ ರಷ್ಯನ್ನರೂ ಉಕ್ರೇನಿಯನ್ನರೂ ಜೊತೆಯಾಗಿ ಹೋರಾಡಿ ಪಡೆದ ಗುರುತು, ಇಂದು ಅವರ ಮೊಮ್ಮಕ್ಕಳ ನಡುವಿನ ಗಡಿಯಾಗಿದೆ.

ಈ ಪಟ್ಟಿಯನ್ನು ನೋಡಿದ ಕನ್ನಡಿಗನಿಗೆ ಹುಲಿಯ ಮೈ ನೆನಪಾದರೆ ಆಶ್ಚರ್ಯವಿಲ್ಲ. ಪಟ್ಟೆಯೇ ಸೇನೆಯ ಗುರುತಾಗಿದ್ದ ಕಾಲವೊಂದು ನಮ್ಮಲ್ಲೂ ಇತ್ತು.

ಸಕಲೇಶಪುರ ದಾಟಿ ಮಂಗಳೂರು ರಸ್ತೆಯಲ್ಲಿ ಆನೇಮಹಲ್ ಕಳೆದರೆ, ದೋಣಿಗಾಲ್ ಬಳಿಯ ಗುಡ್ಡದ ನೆತ್ತಿಯಲ್ಲಿ ಮಂಜರಾಬಾದ್ ಕೋಟೆ ಸಿಗುತ್ತದೆ. ಎಂಟು ಮೂಲೆಯ ನಕ್ಷತ್ರದಂತಿರುವ ಈ ಕೋಟೆಯನ್ನು ಘಟ್ಟದ ದಾರಿ ಕಾಯಲು ಕಟ್ಟಿಸಿದವನು ಟಿಪ್ಪು ಸುಲ್ತಾನ್. ಅವನ ಸೈನಿಕರ ಉಡುಪಿನ ಮೇಲೆ ‘ಬಬ್ರಿ’ ಎಂಬ ಹುಲಿಪಟ್ಟೆಯಿತ್ತು. ತೋಪಿನ ಬಾಯಿ, ಕತ್ತಿಯ ಹಿಡಿ, ಸಿಂಹಾಸನ, ಎಲ್ಲೆಲ್ಲೂ ಹುಲಿ. ಶ್ರೀರಂಗಪಟ್ಟಣದ ಗುಂಬಜ್‌ನ ಒಳಗೋಡೆಯಲ್ಲಿ ಆ ಪಟ್ಟೆಯ ಚಿತ್ತಾರವನ್ನು ಇಂದಿಗೂ ಕಾಣಬಹುದು. ‘ಅಸದುಲ್ಲಾ ಅಲ್ ಗಾಲಿಬ್’, ಅಂದರೆ ‘ದೇವರ ಸಿಂಹವೇ ಜಯಶಾಲಿ’ ಎಂಬ ಅರಬ್ಬಿ ಮಾತನ್ನು ಹುಲಿಮುಖದ ಆಕಾರದಲ್ಲಿ ಬರೆಸಿ, ಅದನ್ನು ತನ್ನ ಲಾಂಛನ ಮಾಡಿಕೊಂಡಿದ್ದ ಟಿಪ್ಪು. ದೇವರ ಸಿಂಹ ಎಂಬುದು ಪ್ರವಾದಿಯವರ ಅಳಿಯ ಅಲಿಯವರ ಬಿರುದು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಗೆದ್ದ ಈಸ್ಟ್ ಇಂಡಿಯಾ ಕಂಪನಿ ತನ್ನ ಸೈನಿಕರಿಗಾಗಿ ಪದಕ ಹೊರಡಿಸಿತು. ಅದರ ಒಂದು ಮುಖದಲ್ಲಿ ಬ್ರಿಟನ್ನಿನ ಸಿಂಹ ಹುಲಿಯನ್ನು ನೆಲಕ್ಕೆ ಕೆಡವಿದೆ. ಮೇಲೆ ಹಾರುವ ಬಾವುಟದಲ್ಲಿ ಅದೇ ಅರಬ್ಬಿ ಮಾತು! ಸೋತವನ ಮಾತನ್ನೇ ಗೆದ್ದವನು ಎತ್ತಿಕೊಂಡು ತನ್ನ ಸಿಂಹದ ಬಾಯಲ್ಲಿ ಆಡಿಸಿದ್ದ. ಪದಕದ ಲೋಹವೂ ದರ್ಜೆಯನ್ನು ಹೇಳುತ್ತಿತ್ತು. ಸೇನಾನಿಗಳಿಗೆ ಚಿನ್ನ, ಅಧಿಕಾರಿಗಳಿಗೆ ಬೆಳ್ಳಿ, ಸಾಮಾನ್ಯ ಸಿಪಾಯಿಗೆ ತವರ. ಹುಲಿ ಬಿದ್ದ ಆ ಚಿತ್ರವನ್ನು ಈ ನೆಲದಲ್ಲೇ ಹುಟ್ಟಿದ ಸಿಪಾಯಿಗಳೂ ಎದೆಯ ಮೇಲೆ ಧರಿಸಿದರು.

ಹಾಗಾದರೆ ಈ ಗುಡ್ಡಗಾಡಿನವರಿಗೆ ಹುಲಿ ತಮ್ಮದಾಗಿತ್ತೆ, ಸಿಂಹ ತಮ್ಮದಾಗಿತ್ತೆ? ಬಲಂ ಸೀಮೆಯ ಪಾಳೆಯಗಾರ ಕೃಷ್ಣಪ್ಪ ನಾಯಕ 1792ರ ಯುದ್ಧದಲ್ಲಿ ಟಿಪ್ಪುವಿನ ವಿರುದ್ಧ ಮರಾಠರನ್ನು ಸೇರಿದ್ದ. ಸಂಧಿಯಾದಾಗ ಕೊಡಗಿಗೆ ಓಡಿದ. ಬಳಿಕ ಟಿಪ್ಪುವೇ ಅವನನ್ನು ಕರೆಸಿ ಐಗೂರು ಸೀಮೆಯನ್ನು ಕೊಟ್ಟ. ಅವನ ಮಗ ವೆಂಕಟಾದ್ರಿ ನಾಯಕ ಟಿಪ್ಪುವಿನ ಪತನದ ನಂತರ ಕಂಪನಿಗೂ ತಲೆಬಾಗಲಿಲ್ಲ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಆರ್ಥರ್ ವೆಲ್ಲೆಸ್ಲಿಯೇ ಸೈನ್ಯ ತಂದು ಈ ಕಾಡುಗಳನ್ನು ಜಾಲಾಡಿದ. 1802ರಲ್ಲಿ ವೆಂಕಟಾದ್ರಿ ಸೆರೆಸಿಕ್ಕಿದ, ಅವನನ್ನು ಗಲ್ಲಿಗೇರಿಸಲಾಯಿತು. ಹುಲಿಯ ಪಟ್ಟೆಯೂ ಅವನದಲ್ಲ, ಸಿಂಹದ ಪದಕವೂ ಅವನದಲ್ಲ.

ಚಿಹ್ನೆಗಳ ಚರಿತ್ರೆ ಬರೆಯುವಾಗ ಇಂಥವರು ಹೊರಗುಳಿಯುತ್ತಾರೆ. ಪಟ್ಟಿ ಬಟ್ಟೆಯದೇ; ಅದರ ಮಾನವೂ ಅವಮಾನವೂ ಕಾಲಕಾಲಕ್ಕೆ ಅದನ್ನು ಹಿಡಿದವರ ನಡತೆಯಿಂದ ಬಂದದ್ದು. ಶೌರ್ಯಕ್ಕೆಂದು ಕೊಟ್ಟ ಗುರುತನ್ನು ಇನ್ನೊಬ್ಬರ ನೆಲದ ಮೇಲಿನ ಹಕ್ಕುಪತ್ರ ಮಾಡಿಕೊಂಡ ದಿನ, ಅದನ್ನು ಕಂಡು ಹೆಮ್ಮೆಪಡುವವರಿರುವಂತೆ ಹೆದರುವವರೂ ಇರುತ್ತಾರೆ. ಮಂಜರಾಬಾದಿನ ಕೋಟೆ ಹತ್ತುವವರು ಟಿಪ್ಪುವಿನ ಜೊತೆಗೆ ಐಗೂರಿನ ಆ ನಾಯಕನನ್ನೂ ಒಮ್ಮೆ ನೆನೆಯಬೇಕು. ಎರಡೂ ಕಡೆಯ ಕಥೆ ಕೇಳದೆ ಯಾವ ಪಟ್ಟಿಯ ಬಣ್ಣವೂ ನಮಗೆ ಪೂರ್ತಿ ಕಾಣುವುದಿಲ್ಲ.